ಎರಡು ಸ್ಕ್ಯಾನುಗಳ ನಡುವಿನ ದಿನಗಳು

ಕ್ಯಾನ್ಸರ್ ಎಂಬ ಶಬ್ದವನ್ನು ನಮ್ಮ ಹಿರಿಯರು ಬಾಯಿಬಿಟ್ಟು ಉಚ್ಚರಿಸುತ್ತಿರಲಿಲ್ಲ. 'ಆ ಕಾಯಿಲೆ' ಎಂದು ದನಿ ತಗ್ಗಿಸಿ ಹೇಳುವುದೇ ರೂಢಿಯಾಗಿತ್ತು. ಇಂದು ಆ ಅಂಜಿಕೆ ಕೊಂಚ ಕಡಿಮೆಯಾಗಿದೆ. ಆದರೆ ಅದರ ಬೆನ್ನಿಗೇ ಕೆಲವು ಹೊಸ ಶಬ್ದಗಳು ಮನೆಮನೆಗೆ ಬಂದು ಕುಳಿತಿವೆ. ಇಮ್ಯುನೊಥೆರಪಿ ಅವುಗಳಲ್ಲೊಂದು. ನಮ್ಮ ಧರ್ಮಕೇಂದ್ರದಲ್ಲಿ ಈ ಚಿಕಿತ್ಸೆ ಪಡೆಯುತ್ತಿರುವವರು ನಮಗೆ ತಿಳಿದಂತೆ ಮೂವರಿದ್ದು, ಅವರಲ್ಲಿ ಒಬ್ಬರು ನಮ್ಮ ತಂದೆಯವರು. ವಯಸ್ಸು ಎಪ್ಪತ್ತೊಂದು, ಕಾಯಿಲೆ ಶ್ವಾಸಕೋಶದ್ದು, ಮೂರು ವಾರಗಳಿಗೊಮ್ಮೆ ಡ್ರಿಪ್ ಮೂಲಕ ಕೊಡುವ ಔಷಧಿ ಪೆಂಬ್ರೊಲಿಝುಮ್ಯಾಬ್. ಮಕ್ಕಳಾದ ನಾವು ಮೂವರಲ್ಲಿ ಒಬ್ಬರು ದುಬೈಯಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಮಾತ್ರ ಊರಿನ ಮನೆಯಲ್ಲಿ. ಕರಾವಳಿಯ ಬಹುತೇಕ ಕಥೋಲಿಕ ಕುಟುಂಬಗಳ ಸ್ಥಿತಿ ಇದಕ್ಕಿಂತ ಭಿನ್ನವಾಗಿಲ್ಲ.

ಔಷಧಿಯ ವಿಚಾರವನ್ನು ವೈದ್ಯರು ತಿಳಿಸುತ್ತಾರೆ. ಮನೆಯವರ ಪಾಲಿಗೆ ಯಾವ ಕೆಲಸ ಬರುತ್ತದೆ ಎಂಬುದನ್ನು ತಿಳಿಸುವವರು ಕಡಿಮೆ. ಆದುದರಿಂದ ಈ ವಾರ ಆ ಕುರಿತು ಬರೆಯುವುದು ಯೋಗ್ಯವೆಂದು ನಮಗೆ ತೋರಿತು.

ಮೊದಲು ಔಷಧಿಯ ಸ್ವಭಾವವನ್ನು ಅರಿತಿರಬೇಕು, ಏಕೆಂದರೆ ಮುಂದಿನ ತೊಡಕುಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ನಮ್ಮ ದೇಹದಲ್ಲಿ ರೋಗಾಣುಗಳನ್ನು ಹಿಡಿದು ಕೊಲ್ಲುವ ಬಿಳಿ ರಕ್ತಕಣಗಳಿವೆ. ಅವು ಮಿತಿಮೀರಿ ಸ್ವಂತ ದೇಹವನ್ನೇ ಕಚ್ಚದಂತೆ ಪ್ರಕೃತಿಯು ಅವುಗಳಿಗೆ ಕಟ್ಟುಗಳನ್ನೂ ಇಟ್ಟಿದೆ. ಕ್ಯಾನ್ಸರ್ ಕೋಶಗಳು ಈ ಕಟ್ಟನ್ನು ಬಿಗಿಗೊಳಿಸಿ ತಾವು ಪಾರಾಗುತ್ತವೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ತಸುಕು ಹೊಂಜೊ ಅವರ ತಂಡ 1992ರಲ್ಲಿ ಇಂಥದೊಂದು ಕಟ್ಟನ್ನು ಗುರುತಿಸಿತು. ಅಮೆರಿಕದ ಜೇಮ್ಸ್ ಆಲಿಸನ್ ಇನ್ನೊಂದು ಕಟ್ಟನ್ನು ಸಡಿಲಿಸಿ ಇಲಿಗಳಲ್ಲಿ ಗಡ್ಡೆ ಕರಗುವುದನ್ನು ತೋರಿಸಿದರು. ಹನ್ನೊಂದನೆಯ ವಯಸ್ಸಿನಲ್ಲಿ ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡವರು ಈ ಆಲಿಸನ್. 2018ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಕಿಮೋಥೆರಪಿಯು ಕ್ಯಾನ್ಸರ್ ಕೋಶಗಳಿಗೆ ಹಾಕುವ ವಿಷವಾದರೆ, ಇದು ಕಟ್ಟಿಹಾಕಿದ್ದ ಮನೆಯ ನಾಯಿಯನ್ನು ಬಿಚ್ಚಿಬಿಡುವ ಕ್ರಮ. ಬಿಚ್ಚಿದ ನಾಯಿ ಕಳ್ಳನನ್ನು ಅಟ್ಟಬಹುದು. ಅಂಗಳಕ್ಕೆ ಬಂದ ಅಂಚೆಯವನನ್ನೂ ಕಚ್ಚಬಹುದು. ಚರ್ಮ, ಕರುಳು, ಯಕೃತ್ತು, ಥೈರಾಯ್ಡ್ ಗ್ರಂಥಿ, ಶ್ವಾಸಕೋಶ, ಕೀಲುಗಳು, ಅಪರೂಪವಾಗಿ ಹೃದಯ: ಯಾವುದಕ್ಕೂ ಅದು ಬಾಯಿ ಹಾಕೀತು. ಕೂದಲು ಉದುರುವುದಿಲ್ಲ, ವಾಂತಿಯೂ ಕಡಿಮೆ. ಹಾಗಾಗಿ ನೋಡುವವರು "ಏನೂ ಆಗಿಲ್ಲವಲ್ಲ" ಎನ್ನುತ್ತಾರೆ. ಅಪಾಯವಿರುವುದು ಅಲ್ಲೇ.

ನಾಲ್ಕನೆಯ ಡೋಸ್ ಆಗಿ ಹತ್ತು ದಿನಗಳಲ್ಲಿ ತಂದೆಯವರಿಗೆ ಭೇದಿ ಆರಂಭವಾಯಿತು. ಅವರು ಯಾರಿಗೂ ಹೇಳಲಿಲ್ಲ. ತಾಯಿಯವರಿಗೆ ತಿಳಿದದ್ದು ಶೌಚಾಲಯದ ದೀಪದಿಂದ. ಒಂದೇ ರಾತ್ರಿಯಲ್ಲಿ ನಾಲ್ಕು ಸಲ ಅದು ಉರಿದಿತ್ತು. ವಿಚಾರಿಸಿದಾಗ "ನಿನ್ನೆಯ ಬಂಗುಡೆಗೆ ಖಾರ ಜಾಸ್ತಿಯಾಗಿತ್ತು, ಕುಚ್ಚಲಕ್ಕಿ ಗಂಜಿ ಉಂಡರೆ ನಿಲ್ಲುತ್ತದೆ" ಎಂಬ ಉತ್ತರ. ಮರುದಿನ ದಾಳಿಂಬೆ ಸಿಪ್ಪೆಯ ಕಷಾಯವೂ ಆಯಿತು. ಕೊನೆಗೆ ತಾಯಿಯವರು ನಮಗೆ ಫೋನು ಮಾಡಿ, "ಮಕ್ಕಳಿಗೆ ಹೇಳಬೇಡ ಎಂದಿದ್ದಾರೆ, ಆದರೂ ಹೇಳುತ್ತಿದ್ದೇನೆ" ಎಂದರು.

ಅವರು ಮುಚ್ಚಿಟ್ಟುದೇಕೆ? ನೋವು ಸಹಿಸುವ ಹೆಮ್ಮೆಯಿಂದಲ್ಲ. ಹೇಳಿದರೆ ಇಂಜೆಕ್ಷನ್ ನಿಲ್ಲಿಸಿಬಿಡುತ್ತಾರೆ, ನಿಲ್ಲಿಸಿದರೆ ತನ್ನ ಕಥೆ ಮುಗಿಯಿತು ಎಂಬ ಭಯ. ಮಕ್ಕಳು ಲಕ್ಷಗಟ್ಟಲೆ ಸುರಿದ ಔಷಧಿ ಎಂಬ ಸಂಕೋಚ ಬೇರೆ. ಈ ಚಿಕಿತ್ಸೆಯಲ್ಲಿರುವ ಎಷ್ಟೋ ತಂದೆತಾಯಿಗಳ ಮೌನಕ್ಕೆ ಇದೇ ಕಾರಣವೆಂದು ಆ ಬಳಿಕ ಇತರ ಮನೆಯವರೊಡನೆ ಮಾತನಾಡಿದಾಗ ನಮಗೆ ತಿಳಿಯಿತು. ಆದುದರಿಂದ ಬರಿಯ "ಹೇಳಿ ಪಪ್ಪಾ, ಹೇಳಿ ಪಪ್ಪಾ" ಎಂದು ಒತ್ತಾಯಿಸಿದರೆ ಪ್ರಯೋಜನವಾಗದು. ಅವರ ಭಯಕ್ಕೆ ಉತ್ತರ ಕೊಡಬೇಕು. ಉತ್ತರವಿದೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ರೋಗಿಗಳ ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಡ್ಡಪರಿಣಾಮದಿಂದಾಗಿ ಔಷಧಿಯನ್ನು ಬೇಗನೆ ನಿಲ್ಲಿಸಬೇಕಾಗಿ ಬಂದವರೂ ಮುಂದುವರಿಸಿದವರಷ್ಟೇ ಲಾಭ ಪಡೆದಿದ್ದರು. ಒಮ್ಮೆ ಎಚ್ಚರಗೊಂಡ ರಕ್ತಕಣಗಳು ಔಷಧಿ ನಿಂತೊಡನೆ ನಿದ್ದೆಹೋಗುವುದಿಲ್ಲ. ಎಲ್ಲ ಬಗೆಯ ಕ್ಯಾನ್ಸರಿಗೂ ಇದನ್ನೇ ಲೆಕ್ಕವಾಗಿ ಹಿಡಿಯಲಾಗದು, ನಿಜ. ಆದರೆ 'ಹೇಳಿದರೆ ಕೆಟ್ಟೆ' ಎಂಬ ಲೆಕ್ಕ ತಪ್ಪೆಂದು ತೋರಿಸಲು ಇಷ್ಟು ಸಾಕು. ವೈದ್ಯರಿಂದಲೇ ಈ ಮಾತನ್ನು ತಂದೆಯವರಿಗೆ ಹೇಳಿಸಿದೆವು. ಮಕ್ಕಳ ಮಾತಿಗಿಂತ ಅದಕ್ಕೆ ತೂಕ ಹೆಚ್ಚು.

ಇರಲಿ. ಭೇದಿಯ ವಿಷಯಕ್ಕೆ ಬರೋಣ. ಹತ್ತಿರದ ಚಿಕಿತ್ಸಾಲಯವೊಂದರಲ್ಲಿ (ಹೆಸರು ಬೇಡ) ತಂದೆಯವರು ಕ್ಯಾನ್ಸರ್ ರೋಗಿ ಎಂದೊಡನೆ ಕಿಮೋ ಎಂದು ಭಾವಿಸಿ, ಭೇದಿ ಕಟ್ಟುವ ಮಾತ್ರೆಯನ್ನೂ ಆ್ಯಂಟಿಬಯೋಟಿಕ್ ಅನ್ನೂ ಬರೆದುಕೊಟ್ಟರು. ಇದು ಸೋಂಕಿನಿಂದ ಬಂದ ಭೇದಿಯಾಗದೆ ಸ್ವಂತ ರಕ್ತಕಣಗಳು ಕರುಳನ್ನು ಉರಿಸುತ್ತಿರುವುದಾದರೆ, ಅದನ್ನು ಕಟ್ಟಿಬಿಡುವ ಮಾತ್ರೆ ಒಳಗಿನ ಬೆಂಕಿಯನ್ನು ಮರೆಮಾಚುತ್ತದೆ, ಅಷ್ಟೆ. ಕ್ಯಾನ್ಸರ್ ವಿಭಾಗಕ್ಕೆ ಫೋನು ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಮಾಮೂಲಿಗಿಂತ ಎಷ್ಟು ಸಲ ಹೆಚ್ಚು?" ದಿನಕ್ಕೆ ನಾಲ್ಕು ಸಲ ಹೆಚ್ಚಾದರೆ ಕಾಯುವಂತಿಲ್ಲ, ಏಳು ಸಲ ದಾಟಿದರೆ ತೀವ್ರವೆಂದೇ ಎಣಿಕೆ. ಅಂದೇ ದಾಖಲು ಮಾಡಿಸಿದೆವು. ಸೋಂಕಿಲ್ಲವೆಂದು ಪರೀಕ್ಷಿಸಿ ಸ್ಟೆರಾಯ್ಡ್ ಆರಂಭಿಸಿದರು. ಮೂರು ದಿನಗಳಲ್ಲಿ ಭೇದಿ ಹತೋಟಿಗೆ ಬಂದಿತು.

ಆದರೆ ಸ್ಟೆರಾಯ್ಡ್ ಎಂಬ ಅತಿಥಿ ಬೇಗನೆ ಹೊರಡುವವನಲ್ಲ. ನಾಲ್ಕರಿಂದ ಆರು ವಾರಗಳ ಕಾಲ ಮೆಲ್ಲಮೆಲ್ಲನೆ ಇಳಿಸಬೇಕು; ಅವಸರ ಮಾಡಿದರೆ ತೊಂದರೆ ಮರುಕಳಿಸುತ್ತದೆ. ತಂದೆಯವರ ರಕ್ತದ ಸಕ್ಕರೆ 300 ದಾಟಿ ಇನ್ಸುಲಿನ್ ಬೇಕಾಯಿತು. ನಿದ್ದೆ ಹಾರಿಹೋಯಿತು. ರಾತ್ರಿ ಎರಡು ಗಂಟೆಗೆ ಎದ್ದು ಕಪಾಟಿನ ಕಾಗದಪತ್ರಗಳನ್ನು ಜೋಡಿಸತೊಡಗಿದರು. ಮೂವತ್ತು ವರ್ಷಗಳ ವಿದ್ಯುತ್ ಬಿಲ್ಲುಗಳು ಈಗ ನಮ್ಮ ಮನೆಯಲ್ಲಿ ವರ್ಷವಾರಾಗಿ, ದಾರ ಕಟ್ಟಿ, ಕ್ರಮವಾಗಿವೆ! ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಎಂದೂ ದನಿಯೇರಿಸದವರು ಅನ್ನ ತಣ್ಣಗಾಗಿದೆಯೆಂದು ತಾಯಿಯವರ ಮೇಲೆ ಕೂಗಾಡಿದರು. ಇದು ಮಾತ್ರೆಯ ಮಾತು, ಮನುಷ್ಯನ ಮಾತಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಮೊದಲೇ ತಿಳಿದಿರಬೇಕು. ಅದರಲ್ಲೂ ದಿನವಿಡೀ ಜೊತೆಗಿರುವ ತಾಯಂದಿರಿಗೆ. ಬೆಳಗ್ಗೆ ಉಪಾಹಾರದ ಬಳಿಕ ಕೊಟ್ಟರೆ ನಿದ್ದೆಗೆ ಕೊಂಚ ಅನುಕೂಲವೆಂದು ವೈದ್ಯರು ಹೇಳಿದುದು ಉಪಯೋಗಕ್ಕೆ ಬಂದಿತು.

ಆ ಬಳಿಕ ಮನೆಯಲ್ಲಿ ಒಂದು ನೋಟುಪುಸ್ತಕವಿಟ್ಟೆವು. ದೊಡ್ಡ ವಿದ್ಯೆಯೇನೂ ಬೇಡ: ದಿನಾಂಕ, ತೂಕ, ಶೌಚದ ಲೆಕ್ಕ, ಸಕ್ಕರೆ, ಮೆಟ್ಟಿಲು ಹತ್ತಿದಾಗಿನ ಏದುಸಿರು, ಹೊಸದೇನಾದರೂ. 2021ರ ಕೋವಿಡ್ ಕಾಲದಲ್ಲಿ ಕೊಂಡು ಮೂಲೆಗೆ ಬಿದ್ದಿದ್ದ ಆಕ್ಸಿಮೀಟರ್ ಮತ್ತೆ ಹೊರಬಂದಿತು. ಈ ಔಷಧಿ ಶ್ವಾಸಕೋಶವನ್ನು ಉರಿಸಿದಾಗ ಒಣಕೆಮ್ಮು, ಏದುಸಿರು, ಆಮ್ಲಜನಕದ ಇಳಿತ ಕಾಣಿಸಿಕೊಳ್ಳುತ್ತವೆ. ಕಾಯಿಲೆಯೇ ಶ್ವಾಸಕೋಶದ್ದಾಗಿರುವಾಗ ಕೆಮ್ಮು ಕ್ಯಾನ್ಸರಿನದೋ, ಔಷಧಿಯದೋ, ಮಳೆಗಾಲದ ಶೀತವೋ ಎಂದು ಮನೆಯಲ್ಲಿ ಕುಳಿತು ಯಾರೂ ಹೇಳಲಾರರು. ಹೇಳಬೇಕಾದ ಹೊಣೆಯೂ ನಮ್ಮದಲ್ಲ. ನಿನ್ನೆಗಿಂತ ಇಂದು ಬೇರೆಯಾಗಿದೆ ಎಂದು ಗುರುತಿಸಿ ಅಂದೇ ತಿಳಿಸುವುದಷ್ಟೇ ನಮ್ಮ ಕೆಲಸ. ಎದೆನೋವು, ಕಣ್ಣರೆಪ್ಪೆ ಜೋತುಬೀಳುವುದು, ಎರಡು ಕಾಣುವುದು, ತಲೆಸುತ್ತಿ ಬೀಳುವುದು, ತಟ್ಟನೆ ವಿಪರೀತ ಬಾಯಾರಿಕೆ, ಮೂತ್ರ ಕಪ್ಪಾಗುವುದು ಇವಾವುದಕ್ಕೂ ಬೆಳಗಾಗಲೆಂದು ಕಾಯಬಾರದು. ಇನ್ನು ಕೆಲವು ಸಾವಕಾಶವಾಗಿ ಬರುತ್ತವೆ. ತಂದೆಯವರು ಬಿಸಿಲಿನಲ್ಲೂ ಹೊದ್ದು ಕುಳಿತಾಗ, ಜಪಸರದ ಮಧ್ಯೆಯೇ ತೂಕಡಿಸಿದಾಗ ವಯಸ್ಸಾಯಿತೆಂದು ನೆಂಟರು ಹೇಳಿದರು. ಪುಸ್ತಕದಲ್ಲಿ ಬರೆದುದನ್ನು ನೋಡಿದ ವೈದ್ಯರು ರಕ್ತಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸೋತಿತ್ತು. ಅದಕ್ಕೆ ದಿನವೂ ಒಂದು ಮಾತ್ರೆ, ಬಹುಶಃ ಜೀವನಪರ್ಯಂತ. ಆದರೆ ಅದಕ್ಕಾಗಿ ಚಿಕಿತ್ಸೆ ನಿಲ್ಲಿಸಬೇಕಾಗಿಲ್ಲ.

ಇನ್ನೊಂದು ಸಣ್ಣ ಏರ್ಪಾಡು. 'ಇವರು ಇಮ್ಯುನೊಥೆರಪಿ ಪಡೆಯುತ್ತಿದ್ದಾರೆ, ಇದು ಕಿಮೋ ಅಲ್ಲ' ಎಂದು ಔಷಧಿಯ ಹೆಸರು, ಕೊನೆಯ ಡೋಸಿನ ದಿನಾಂಕ, ಕ್ಯಾನ್ಸರ್ ವಿಭಾಗದ ಫೋನ್ ಸಂಖ್ಯೆ ಬರೆದ ಚೀಟಿಯೊಂದನ್ನು ತಂದೆಯವರ ಅಂಗಿಯ ಜೇಬಿನಲ್ಲಿಟ್ಟೆವು. ಮದುವೆಗೆ ಹೋದರೂ, ಚರ್ಚಿಗೆ ಹೋದರೂ ಅದು ಜೊತೆಗಿರುತ್ತದೆ.

ಕಾಯಿಲೆಯವರನ್ನು ನೋಡಲು ಬರುವುದು ನಮ್ಮ ಸಮಾಜದ ಒಳ್ಳೆಯ ಪದ್ಧತಿ. ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರು ಲಕ್ಷ್ಮಣಫಲ ತಂದರು, ಒಬ್ಬರು ಪಪ್ಪಾಯಿ ಎಲೆಯ ರಸ, ಮತ್ತೊಬ್ಬರು ಅಮೃತಬಳ್ಳಿಯ ಕಷಾಯ. "ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ" ಎಂಬುದೇ ಎಲ್ಲರ ಶಿಫಾರಸು. ಅವರ ಪ್ರೀತಿಗೆ ನಾವು ಋಣಿಗಳು. ಆದರೆ ಕಟ್ಟುಬಿಚ್ಚಿದ ನಾಯಿಯನ್ನು ಮತ್ತಷ್ಟು ಕೆರಳಿಸುವುದು ಯಾವ ಜಾಣತನ? 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ್ದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡುದನ್ನು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಚರ್ಚೆ ನಮಗೆ ಬೇಡ. ಪ್ರತಿ ಡೋಸಿನ ಮೊದಲು ಯಕೃತ್ತಿನ ಪರೀಕ್ಷೆ ಮಾಡುತ್ತಾರೆ. ಅಂಕಿ ಏರಿದರೆ ಅದು ಇಂಜೆಕ್ಷನ್ನಿನಿಂದಲೋ ಕಷಾಯದಿಂದಲೋ ಎಂದು ವೈದ್ಯರಿಗೆ ತಿಳಿಯದೆ ಚಿಕಿತ್ಸೆಯೇ ತಡೆಹಿಡಿಯಲ್ಪಡುತ್ತದೆ. ತಾಯಿಯವರು ಒಂದು ಉಪಾಯ ಕಂಡುಕೊಂಡರು. ತಂದ ಎಲ್ಲವನ್ನೂ ನಗುಮುಖದಿಂದ ಸ್ವೀಕರಿಸಿ, ಬಂದವರು ಗೇಟು ದಾಟಿದ ಮೇಲೆ ತೆಂಗಿನ ಬುಡಕ್ಕೆ ಸುರಿಯುತ್ತಾರೆ. ತೆಂಗು ಚೆನ್ನಾಗಿಯೇ ಇದೆ.

ಈಗ ಸ್ಕ್ಯಾನಿನ ಮಾತು. ಅಡ್ಡಪರಿಣಾಮಗಳು ದೇಹಕ್ಕೆ ಕೊಡುವ ಕಷ್ಟವನ್ನು ಸ್ಕ್ಯಾನುಗಳು ಮನಸ್ಸಿಗೆ ಕೊಡುತ್ತವೆ. ಪರೀಕ್ಷೆಯ ಫಲಿತಾಂಶದಂತೆ ಪಾಸು ಅಥವಾ ಫೇಲು ಎಂದು ಬರುವುದೆಂದು ಎಲ್ಲರೂ ನಿರೀಕ್ಷಿಸುತ್ತಾರೆ. ಬಂದುದು ಬೇರೆಯೇ. ಮುಖ್ಯ ಗಡ್ಡೆ ಕುಗ್ಗಿದೆ. ಇನ್ನೊಂದು 20 ಮಿಲಿಮೀಟರಿನಿಂದ 23 ಆಗಿದೆ. ಎದೆಯ ನಡುವಿನ ಎರಡು ಗ್ರಂಥಿಗಳು ಪೆಟ್ ಸ್ಕ್ಯಾನಿನಲ್ಲಿ ಹೊಳೆಯುತ್ತಿವೆ. ಒಂದು ಹೊಸ ಸಣ್ಣ ಚುಕ್ಕೆ ಕಂಡಿದೆ. ರೋಗಿಯ ಸ್ಥಿತಿಯೊಡನೆ ತಾಳೆ ನೋಡತಕ್ಕದ್ದು. ರಾತ್ರಿ ಹತ್ತು ಗಂಟೆಗೆ ಈ ವರದಿ ಮೊಬೈಲಿಗೆ ಬಂದಿತು. ದುಬೈಯಲ್ಲಿದ್ದ ನಮ್ಮವರು 'ಹೊಸ ಚುಕ್ಕೆ' ಎಂಬುದನ್ನು ಹಿಡಿದುಕೊಂಡರು, ಬೆಂಗಳೂರಿನವರು 'ಕುಗ್ಗಿದೆ' ಎಂಬುದನ್ನು. ಮಧ್ಯರಾತ್ರಿಯವರೆಗೂ ಫೋನಿನಲ್ಲಿ ವಾದ ನಡೆಯಿತು.

ಇಂಥ ವರದಿಯನ್ನು ಓದುವ ಬಗೆಯನ್ನು ವೈದ್ಯರು ಮರುದಿನ ಸಾವಧಾನವಾಗಿ ತಿಳಿಸಿದರು. ಅಳೆದ ಗಡ್ಡೆಗಳ ಒಟ್ಟು ಉದ್ದ ಶೇಕಡಾ 20ಕ್ಕಿಂತ ಹೆಚ್ಚಿದರೆ ರೋಗ ಬೆಳೆದಿದೆ ಎಂದೂ, ಶೇಕಡಾ 30ರಷ್ಟು ತಗ್ಗಿದರೆ ಚಿಕಿತ್ಸೆ ಫಲಿಸಿದೆ ಎಂದೂ ಸಾಮಾನ್ಯ ನಿಯಮ. ನಡುವೆ ಇರುವುದೆಲ್ಲ 'ಸ್ಥಿರ'. ಎರಡು ಮೂರು ಮಿಲಿಮೀಟರುಗಳ ವ್ಯತ್ಯಾಸ ಅಳೆಯುವ ಕೈಯಿಂದಲೂ ಬರಬಹುದು. ಆದುದರಿಂದ ಸಾಧ್ಯವಾದಷ್ಟು ಒಂದೇ ಕೇಂದ್ರದಲ್ಲಿ ಮಾಡಿಸುವುದು, ಹಳೆಯ ಸಿ.ಡಿ.ಗಳನ್ನು ತಪ್ಪದೆ ಕೊಂಡೊಯ್ಯುವುದು ಒಳಿತು. ಪೆಟ್ ಸ್ಕ್ಯಾನಿನಲ್ಲಿ ಹೊಳೆಯುವುದು ಕ್ಯಾನ್ಸರ್ ಮಾತ್ರವಲ್ಲ. ಸಕ್ಕರೆಯನ್ನು ಹೆಚ್ಚಾಗಿ ಹೀರುವ ಯಾವುದೇ ಭಾಗ ಹೊಳೆಯುತ್ತದೆ. ಉರಿಯೂತ ಹೊಳೆಯುತ್ತದೆ, ನಮ್ಮ ದೇಶದಲ್ಲಿ ಮರೆಯಬಾರದ ಕ್ಷಯವೂ ಹೊಳೆಯುತ್ತದೆ, ಎಚ್ಚೆತ್ತ ರಕ್ತಕಣಗಳು ನೆರೆದ ಗ್ರಂಥಿಯೂ ಹೊಳೆಯಬಹುದು. ಕೆಲವೊಮ್ಮೆ ಈ ರಕ್ತಕಣಗಳು ಗಡ್ಡೆಯೊಳಗೆ ನುಗ್ಗುವುದರಿಂದ ಅದು ಮೊದಲು ಉಬ್ಬಿ ಆಮೇಲೆ ಕರಗುವುದುಂಟು. ಇದಕ್ಕಾಗಿಯೇ 2017ರಲ್ಲಿ ತಜ್ಞರು ಪ್ರತ್ಯೇಕ ನಿಯಮವೊಂದನ್ನು ರೂಪಿಸಿದರು: ರೋಗಿ ಚೆನ್ನಾಗಿದ್ದರೆ ಮೊದಲ ಏರಿಕೆಯನ್ನು 'ಇನ್ನೂ ಖಚಿತವಾಗದ್ದು' ಎಂದು ಬರೆದು, ನಾಲ್ಕರಿಂದ ಎಂಟು ವಾರಗಳಲ್ಲಿ ಮತ್ತೊಮ್ಮೆ ನೋಡಬೇಕು.

ಇಲ್ಲಿ ಆಶೆಯನ್ನು ಮಿತಿಯಲ್ಲಿಡುವುದು ಅಗತ್ಯ. ಹೀಗೆ ಉಬ್ಬಿ ಕರಗುವುದು ಹತ್ತರಲ್ಲಿ ಒಬ್ಬರಿಗೂ ಆಗುವುದಿಲ್ಲ. ಬೆಳೆದಂತೆ ಕಂಡ ಗಡ್ಡೆ ಹೆಚ್ಚಿನ ಸಲ ನಿಜವಾಗಿಯೇ ಬೆಳೆದಿರುತ್ತದೆ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಕಥೆಯನ್ನು ನಮಗೆ ಎಷ್ಟು ಜನ ಹೇಳಿದರೆಂದು ಲೆಕ್ಕವಿಲ್ಲ. 2015ರಲ್ಲಿ ಮೆಲನೋಮಾ ಮೆದುಳಿಗೆ ಹರಡಿತ್ತು. ಶಸ್ತ್ರಚಿಕಿತ್ಸೆ, ವಿಕಿರಣಗಳೊಡನೆ ಇದೇ ಪೆಂಬ್ರೊಲಿಝುಮ್ಯಾಬ್ ಪಡೆದ ಅವರು 2024ರ ಡಿಸೆಂಬರಿನಲ್ಲಿ ನೂರು ವರ್ಷ ತುಂಬಿದ ಬಳಿಕ ತೀರಿಕೊಂಡರು. ಕಥೆ ನಿಜ. ಆದರೆ ಅದನ್ನು ಕೇಳಿಸಿಕೊಂಡ ರೋಗಿ ತನ್ನ ಗಡ್ಡೆ ಕರಗದಿದ್ದರೆ ತಾನೇ ಏನೋ ಕೊರತೆ ಮಾಡಿದೆನೆಂದು ಭಾವಿಸುವುದನ್ನು ನಾವು ಕಂಡಿದ್ದೇವೆ. ಹೇಳುವವರು ಸ್ವಲ್ಪ ಯೋಚಿಸಿದರೆ ಒಳ್ಳೆಯದು.

ಮನೆಯೊಳಗೆ ಆ ಬಳಿಕ ನಾವು ಮಾಡಿಕೊಂಡ ಒಪ್ಪಂದವಿಷ್ಟು. ವರದಿ ಬಂದರೂ ವೈದ್ಯರನ್ನು ಕಾಣುವವರೆಗೆ ಯಾರೂ ತೆರೆಯುವುದಿಲ್ಲ. ಭೇಟಿಯ ಸಮಯದಲ್ಲಿ ದುಬೈಯವರು ಫೋನಿನಲ್ಲಿರುತ್ತಾರೆ. ತಂದೆಯವರು ಎದುರಿನ ಕುರ್ಚಿಯಲ್ಲಿರುತ್ತಾರೆ. ಈ ಕೊನೆಯದಕ್ಕೆ ನಮ್ಮಲ್ಲೇ ಅಭಿಪ್ರಾಯಭೇದವಿತ್ತು. ಹಿರಿಯರಿಗೆ ಎಲ್ಲವನ್ನೂ ಏಕೆ ಹೇಳಬೇಕು ಎಂಬುದು ನಮ್ಮ ಕಡೆಯ ಹಳೆಯ ಮಾತು. ಆದರೆ ಹೊರಗೆ ಬೆಂಚಿನ ಮೇಲೆ ಕುಳ್ಳಿರಿಸಲ್ಪಟ್ಟ ರೋಗಿಯು ಬಾಗಿಲಿನ ಆಚೆಯ ಮೌನವನ್ನು ಕೇಳಿಸಿಕೊಂಡು ಇರುವುದಕ್ಕಿಂತ ಕೆಟ್ಟುದನ್ನೇ ಊಹಿಸಿಕೊಳ್ಳುತ್ತಾನೆ. ತಂದೆಯವರು ವೈದ್ಯರಿಗೆ ನೇರವಾಗಿ, "ಬೆಳೆದಿದೆಯೋ ಇಲ್ಲವೋ?" ಎಂದು ಕೇಳಿದರು. "ಈಗ ಹೇಳಲಾಗುವುದಿಲ್ಲ, ಆರು ವಾರ ಬಿಟ್ಟು ನೋಡೋಣ" ಎಂದರು ವೈದ್ಯರು. "ಹಾಗಾದರೆ ಆರು ವಾರ ನಾನು ಏನು ಮಾಡಲಿ?" ಎಂದರು ತಂದೆಯವರು. "ಕರಿಮೆಣಸು ಕೊಯ್ಯುವ ಕಾಲ ಅಲ್ಲವೇ?" ಎಂದರು ವೈದ್ಯರು. ಅವರೂ ತೋಟದ ಮನೆಯವರಂತೆ.

ಆರು ವಾರ ಅವರು ಏಣಿ ಹತ್ತಲಿಲ್ಲ, ಹತ್ತಲು ನಾವು ಬಿಡಲಿಲ್ಲ. ಕೆಳಗೆ ಕುರ್ಚಿ ಹಾಕಿ ಕುಳಿತು ಕೊಯ್ಯುವವರಿಗೆ ತಪ್ಪು ಹುಡುಕಿದರು. ಆ ವಾರಗಳಲ್ಲಿ ಸ್ಕ್ಯಾನಿನ ಮಾತಿಗೆ ಒಂದು ಹೊತ್ತು ನಿಗದಿಪಡಿಸಿದೆವು: ರಾತ್ರಿಯ ಜಪಸರದ ಬಳಿಕ, ಯಾರಿಗೆ ಏನು ಕೇಳಬೇಕೋ ಕೇಳಬಹುದು. ಹಗಲಿನಲ್ಲಿ ಆ ಮಾತಿಲ್ಲ. ಎಷ್ಟೋ ರಾತ್ರಿ ಯಾರೂ ಏನೂ ಕೇಳಲಿಲ್ಲ.

ಧರ್ಮಗುರುಗಳನ್ನು ಕರೆಯುವ ವಿಷಯದಲ್ಲಿ ತಾಯಿಯವರು ಹಿಂಜರಿದರು. ತೈಲ ಹಚ್ಚಿಸಿದರೆ 'ಮುಗಿಯಿತು' ಎಂದು ಅವರು ತಿಳಿದಾರೆಂಬ ಅಂಜಿಕೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲೇ ಇದು ಸಾಯುವ ಗಳಿಗೆಯವರ ಸಂಸ್ಕಾರ ಮಾತ್ರವಲ್ಲ, ರೋಗಿಗಳ ಅಭ್ಯಂಗವೆಂದು ಸ್ಪಷ್ಟಪಡಿಸಿತ್ತು. 1972ರಲ್ಲಿ ಆರನೆಯ ಪೌಲರು ವಿಧಿಯನ್ನೂ ಪರಿಷ್ಕರಿಸಿದರು. ಆದರೂ ನಮ್ಮ ಮನೆಗಳಲ್ಲಿ ಹಳೆಯ ಭಯವೇ ಉಳಿದಿದೆ. ಕೊನೆಗೆ ತಂದೆಯವರೇ, "ಸ್ಕ್ಯಾನಿಗೆ ಮೊದಲು ಫಾದರ್ ಬರಲಿ, ಆಮೇಲೆ ಬಂದರೆ ವಾಳೆಯವರೆಲ್ಲ ಬೇರೆ ಅರ್ಥ ಮಾಡಿಕೊಳ್ಳುತ್ತಾರೆ" ಎಂದರು.

ಖರ್ಚಿನ ಬಗ್ಗೆ ಎರಡು ಮಾತು. ಔಷಧಿ ದುಬಾರಿ, ಡೋಸೊಂದಕ್ಕೆ ಲಕ್ಷಗಳ ಮಾತು. 2024ರ ಜುಲೈ ಬಜೆಟಿನಲ್ಲಿ ಇದೇ ವರ್ಗದ ಡುರ್ವಾಲುಮ್ಯಾಬ್ ಸೇರಿದಂತೆ ಮೂರು ಕ್ಯಾನ್ಸರ್ ಔಷಧಿಗಳಿಗೆ ಆಮದು ಸುಂಕ ರದ್ದಾಯಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ 151 ರೋಗಿಗಳಲ್ಲಿ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮಹತ್ವದ್ದು. ರೂಢಿಯ ಪ್ರಮಾಣದ ಹತ್ತರಲ್ಲೊಂದಂಶಕ್ಕೂ ಕಡಿಮೆ, ಅಂದರೆ ಮೂರು ವಾರಕ್ಕೆ 20 ಮಿಲಿಗ್ರಾಂ ನಿವೊಲುಮ್ಯಾಬ್ ಅನ್ನು ಬಾಯಿಯ ಮೂಲಕ ಕೊಡುವ ಅಗ್ಗದ ಔಷಧಿಗಳೊಡನೆ ಸೇರಿಸಿದಾಗ, ಒಂದು ವರ್ಷ ಬದುಕಿ ಉಳಿದವರು ಶೇಕಡಾ 16ರಿಂದ 43ಕ್ಕೆ ಏರಿದರು. ಎಲ್ಲ ಕ್ಯಾನ್ಸರಿಗೂ ಇದು ಅನ್ವಯಿಸದು. ಆದರೆ ತೋಟ ಮಾರುವ ಮೊದಲು ವೈದ್ಯರನ್ನು ಕೇಳಬಹುದಾದ ಪ್ರಶ್ನೆ. ತಯಾರಕ ಕಂಪೆನಿಗಳ ಸಹಾಯ ಯೋಜನೆಯ ಬಗ್ಗೆಯೂ ಮೊದಲ ಡೋಸಿಗೆ ಮುನ್ನವೇ ವಿಚಾರಿಸಬೇಕು.

ಆರು ವಾರಗಳ ಬಳಿಕದ ಸ್ಕ್ಯಾನಿನಲ್ಲಿ ಹೊಸ ಚುಕ್ಕೆ ಇದ್ದಷ್ಟೇ ಇತ್ತು. 23 ಮಿಲಿಮೀಟರಿನದು 22 ಆಗಿತ್ತು. ಗ್ರಂಥಿಗಳ ಹೊಳಪು ತಗ್ಗಿತ್ತು. ವರದಿಯ ಕೊನೆಗೆ 'ಸ್ಥಿರ' ಎಂಬ ಒಂದೇ ಪದ. ಸ್ಟೆರಾಯ್ಡ್ ಇಳಿದಿದ್ದುದರಿಂದ ಇಂಜೆಕ್ಷನ್ ಮತ್ತೆ ಆರಂಭವಾಗಿದೆ. ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೂ ಅಡ್ಡಪರಿಣಾಮ ತಲೆದೋರಬಹುದೆಂದು ವೈದ್ಯರು ಎಚ್ಚರಿಸಿರುವುದರಿಂದ ನೋಟುಪುಸ್ತಕ ಮುಂದುವರಿದಿದೆ. ಕಳೆದ ವಾರದಿಂದ ಅದರಲ್ಲಿ ತಂದೆಯವರದೇ ಕೈಬರಹವಿದೆ. "ಎರಡು ಸಲ. ಕೆಮ್ಮು ಇಲ್ಲ. ಮೊಣಕಾಲು ನೋವು, ಬಲಗಡೆ. ಮಕ್ಕಳಿಗೆ ಹೇಳಿದ್ದೇನೆ."